ಏಳನೇ ಮಂಚದ ನಿದ್ದೆ

೨೦೦೩ರ ಆಗಸ್ಟ್ ಹದಿನಾಲ್ಕು, ಗುರುವಾರ. ಮರುದಿನದ ಧ್ವಜಾರೋಹಣದ ಬಂದೋಬಸ್ತಿಗೆ ಇದ್ದಬದ್ದ ಪೇದೆಗಳನ್ನೆಲ್ಲ ಕಳಿಸಿ, ನೆಮ್ಮದಿಯಾಗಿ ಒಂದು ಲೋಟ ಕಾಫಿ ಕುಡಿಯೋಣವೆಂದು ಇನ್ಸ್‌ಪೆಕ್ಟರ್ ರೇಣುಕಾಪ್ರಸಾದ್ ಕೂತಿದ್ದಷ್ಟೇ, ವಿನೋಬನಗರದ ಠಾಣೆಗೆ ದೂರು ಬಂತು.

ದೂರು ತಂದವನು ಭದ್ರಾವತಿಯ ಜನ್ನಾಪುರದಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಮಧು. ಅವನ ತಂದೆ ಶಿವಯೋಗಪ್ಪ ನಿವೃತ್ತ ಹೆಡ್‌ಮಾಸ್ಟರು. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು, ವಿನೋಬನಗರದ ಒಂದು ನರ್ಸಿಂಗ್ ಹೋಮಿನಲ್ಲಿ ಆಪರೇಷನ್ ಮಾಡಿಸಿಕೊಂಡಿದ್ದರು. ಮೂಳೆ ಕೂಡುತ್ತಿತ್ತು, ಆದರೆ ಮನುಷ್ಯ ಹಗಲೆಲ್ಲ ನಿದ್ದೆ. ಅಂದು ಬೆಳಿಗ್ಗೆ ಅಲುಗಾಡಿಸಿದರೂ ಏಳದೆ, ತುಟಿ ನೀಲಿಗಟ್ಟಿ, ಐಸಿಯುಗೆ ಹಾಕಬೇಕಾಯಿತು. ವಾರ್ಡಿನ ನರ್ಸ್ ಸಮತಾ ನಿದ್ದೆಯ ಇಂಜೆಕ್ಷನ್ ಚುಚ್ಚಿದ್ದಾಳೆ ಎಂದು ಮಧು ಬರೆದುಕೊಟ್ಟ. ಎಫ್‌ಐಆರ್ ದಾಖಲಾಯಿತು. ಕಾಫಿ ಆರಿಹೋಯಿತು.

ನರ್ಸಿಂಗ್ ಹೋಮಿನ ಯಜಮಾನ ಡಾಕ್ಟರ್ ಚಂದ್ರಹಾಸ ಬಾಗಿಲಲ್ಲೇ ಎದುರಾದರು. ಡ್ಯೂಟಿಯಲ್ಲಿ ಇದ್ದವಳು ಅವಳೇ, ನೀವು ಕರಕೊಂಡು ಹೋಗಿ ವಿಚಾರಿಸಿಕೊಳ್ಳಿ ಎಂದರು, ಹಳೇ ಕುರ್ಚಿಯೊಂದನ್ನು ಗುಜರಿಗೆ ಕೊಡುವವರ ಹಾಗೆ. ಎಲ್ಲರಿಗೂ ಕೈಗೆ ಸಿಕ್ಕವರ ತಲೆಗೆ ಕಟ್ಟಿ ಊಟಕ್ಕೆ ಹೋಗುವ ಆತುರ. ರೇಣುಕಾಪ್ರಸಾದನಿಗೆ ಅಲ್ಲೇ ತಲೆ ಚಿಟ್ಟು ಹಿಡಿಯಿತು.

ಸಮತಾ ಅಳುತ್ತಿರಲಿಲ್ಲ. ಸಿಟ್ಟಿನಲ್ಲಿ ಇದ್ದಳು.

"ಇಂಜೆಕ್ಷನ್ ಕೊಟ್ಟಿದ್ದೀಯಾ?"

"ನಿದ್ದೆ ಔಷಧಿ ಬರೆದೇ ಇಲ್ಲ ಸರ್, ಎಲ್ಲಿಂದ ಕೊಡ್ಲಿ? ಸ್ಟಾಕ್ ಎಣಿಸಿ ನೋಡಿ."

ಬಂದೋಬಸ್ತಿಗೆ ಹೋಗದೆ ಠಾಣೆಯಲ್ಲಿ ಉಳಿದಿದ್ದ ಕಾನ್‌ಸ್ಟೇಬಲ್ ಜಯಪ್ಪ ಎಣಿಸಿದ. ಎಲ್ಲವೂ ಸರಿಯಾಗಿತ್ತು. ಹಾಗಾದರೆ ಮುದುಕರು ಮಲಗಿದ್ದೇಕೆ ಎಂದು ಕೇಳಿದರೆ, ಅದನ್ನೇ ತಾನು ವಾರದಿಂದ ಕೇಳುತ್ತಿದ್ದೇನೆ ಎಂದಳು. ಡಾಕ್ಟರಿಗೆ ಹೇಳಿದರೆ, ವಯಸ್ಸಾದವರು ಮಲಗುತ್ತಾರೆ, ಡಾಕ್ಟರು ನೀನೋ ನಾನೋ ಎಂದು ಬೈಸಿಕೊಂಡಿದ್ದಳು.

"ವಯಸ್ಸಿನ ಮಂಪರಾದ್ರೆ ಹೊತ್ತುಗೊತ್ತು ಇರಲ್ಲ ಸರ್. ಇವ್ರು ಬೆಳಿಗ್ಗೆ ಸರಿಯಾಗಿದ್ದು, ಪೇಷಂಟ್ ನೋಡೋಕೆ ಜನ ಬರೋ ಹೊತ್ತಿಗೆ ಮಲಗ್ತಾರೆ. ಸಂಜೆ ಕಣ್ಣು ಬಿಡ್ತಾರೆ. ದಿನಾ ಹೀಗೇ. ಸೋಮವಾರ ಒಂದು ದಿನ ಮಾತ್ರ ಮಲಗ್ಲಿಲ್ಲ. ಪೇಪರ್ ಕೇಳಿ ಓದಿದ್ರು. ಅವತ್ತು ಅವ್ರ ಹೆಂಡ್ತಿ ಯಾವುದೋ ಗೃಹಪ್ರವೇಶಕ್ಕೆ ಭದ್ರಾವತಿಗೆ ಹೋಗಿದ್ರು."

"ಅಂದ್ರೆ ಹೆಂಡ್ತಿನೇ ಏನೋ ಕೊಡ್ತಿದ್ದಾರೆ ಅಂತೀಯಾ?"

"ಬೆಳಿಗ್ಗೆ ಏನೋ ಹೊಟ್ಟೆಗೆ ಹೋಗ್ತಿದೆ ಅಂತೀನಿ. ದಿನಾ ಕೇಳ್ತೀನಿ, ಏನೂ ಕೊಟ್ಟಿಲ್ಲ ಅಂತಾರೆ. ಮೇಷ್ಟ್ರು ತಿಂಡಿ ಮುಟ್ಟಲ್ಲ, ಕಾಫಿ ಉಗೀತಾರೆ. ಅಲ್ಲೇ ನನ್ನ ಲೆಕ್ಕ ನಿಂತುಹೋಗತ್ತೆ."

ಶಿವಯೋಗಪ್ಪನವರ ಹೆಂಡತಿ ದಾಕ್ಷಾಯಣಿ ಐಸಿಯು ಬಾಗಿಲ ಬಳಿ ಬೆಂಚಿನ ಮೇಲೆ ಸೆರಗು ಹೊದ್ದು ಕೂತಿದ್ದರು. ಹಣೆಯಲ್ಲಿ ವಿಭೂತಿ. ಯಜಮಾನರಿಗೆ ಬೆಳಿಗ್ಗೆ ತಿನ್ನಲು ಏನು ಕೊಟ್ಟಿರಿ? ಏನೂ ಇಲ್ಲ. ಕುಡಿಯಲು? ಏನೂ ಇಲ್ಲ. ಮಾತ್ರೆ? ಮಾತ್ರೆ ಕೊಡುವವಳು ನರ್ಸಮ್ಮ. ಕೇಳಿ ಕೇಳಿ ಇನ್ಸ್‌ಪೆಕ್ಟರಿಗೆ ಮೈ ಪರಚಿಕೊಳ್ಳುವಂತಾಯಿತು. ಮಗನನ್ನು ಕೇಳಿದರೂ ಅದೇ ಉತ್ತರ. ಬರೀ ಹೊಟ್ಟೆಯಲ್ಲಿ ಇರುವವನಿಗೆ ಗಾಳಿಯಿಂದ ನಿದ್ದೆ ಬರುತ್ತದೆಯೇ?

"ಸಾರ್, ಆ ಹುಡುಗೀನೇ ಅರೆಸ್ಟ್ ಮಾಡಿಬಿಡಣ. ನಾಳೆ ಪೆರೇಡ್ ಬೇರೆ ಇದೆ" ಎಂದ ಜಯಪ್ಪ.

"ಪೆರೇಡ್ ಇದೆ ಅಂತ ಒಬ್ಬಳ ಬಾಳು ಹಾಳು ಮಾಡ್ಲಾ ಮಾರಾಯ? ಸುಮ್ನಿರು."

ಅಷ್ಟರಲ್ಲಿ ಸಮತಾ ಮತ್ತೆ ಬಂದಳು. ತಾವಿಬ್ಬರೂ ಕೇಳುತ್ತಿರುವ ಪ್ರಶ್ನೆಯೇ ಸರಿಯಿಲ್ಲವೇನೋ ಎಂಬ ಅನುಮಾನ ಅವಳಿಗೆ. ಏನು ಕೊಟ್ಟಿರಿ ಎಂದರೆ ಜನ ಊಟ, ಔಷಧಿಯನ್ನಷ್ಟೇ ನೆನೆಯುತ್ತಾರೆ. ಎದ್ದಾಗಿನಿಂದ ಏನೇನು ನಡೆಯಿತು ಎಂದು, ಪಕ್ಕದಲ್ಲಿದ್ದು ಕಂಡವರನ್ನು ಕೇಳಿ ನೋಡಿ ಎಂದಳು.

ಮೇಷ್ಟ್ರದು ಏಳನೇ ಮಂಚ; ಪಕ್ಕದ ಎಂಟನೇ ಮಂಚದ ರೋಗಿಯ ಆರೈಕೆಗೆ ಇದ್ದ ಈಶ್ವರಮ್ಮನಿಗೆ ಹೊತ್ತು ಕಳೆಯುವುದೇ ಕಷ್ಟವಾಗಿತ್ತು. ಕೇಳಿದ್ದೇ ತಡ, ಎಲ್ಲ ಒಪ್ಪಿಸಿದಳು.

"ಆಯಮ್ಮ ಮುಖ ತೊಳಸ್ತಾರೆ, ಈಬತ್ತಿ ಹಚ್ತಾರೆ. ಮೇಷ್ಟ್ರು ಅಂಗೈಲಿ ಲಿಂಗ ಇಟ್ಕೊಂಡು ಪೂಜೆ ಮಾಡ್ತಾರೆ, ತೀರ್ಥ ತಗೋತಾರೆ, ಮಲಗ್ತಾರೆ. ಹೊಟ್ಟೆಗೆ ಮಾತ್ರ ಏನೂ ತಗಳಲ್ಲ ಪಾಪ."

ರೇಣುಕಾಪ್ರಸಾದನಿಗೆ ತನ್ನ ಮೇಲೆಯೇ ರೇಗಿತು. ಅವನೂ ಅಂದು ಬೆಳಿಗ್ಗೆ ಪೂಜೆ ಮುಗಿಸಿ ತೀರ್ಥ ತೆಗೆದುಕೊಂಡೇ ಮನೆ ಬಿಟ್ಟಿದ್ದ. ಠಾಣೆಯಲ್ಲಿ ಜಯಪ್ಪ ಕೇಳಿದಾಗ, ಇನ್ನೂ ಬಾಯಿಗೆ ಏನೂ ಹಾಕಿಲ್ಲ ಎಂದಿದ್ದ. ಸುಳ್ಳು ಹೇಳುವ ಉದ್ದೇಶವೇ ಇರಲಿಲ್ಲ. ಹುಟ್ಟಿದಾಗಿನಿಂದ ತೀರ್ಥವನ್ನು ಕುಡಿದದ್ದೆಂದು ಯಾರು ತಾನೇ ಎಣಿಸಿದ್ದರು? ಇಂಥ ಮನೆಯಲ್ಲಿ ಬೆಳೆದೂ ಇದು ತನಗೆ ಹೊಳೆಯಲಿಲ್ಲವಲ್ಲ ಎಂದು ಹಲ್ಲು ಕಡಿದ.

ಮಧ್ಯಾಹ್ನ ಪಂಚರ ಎದುರು ಏಳನೇ ಮಂಚದ ಪಂಚನಾಮೆ ನಡೆಯಿತು. ಪೂಜೆಯ ಚಿಕ್ಕ ಬಟ್ಟಲ ತಳದಲ್ಲಿ ಬಿಳಿ ಹುಡಿ ಅಂಟಿತ್ತು. ವಿಭೂತಿಯ ಚೀಲದೊಳಗೆ ಅರ್ಧ ಖಾಲಿಯಾದ ನಿದ್ದೆ ಮಾತ್ರೆಯ ಪಟ್ಟಿ ಸಿಕ್ಕಿತು. ಬಟ್ಟಲಿಗೆ ಸೀಲು ಹಾಕಿ ಪರೀಕ್ಷೆಗೆ ಕಳಿಸಿದರು. ಜಯಪ್ಪ ಗೊಣಗುತ್ತಲೇ ಭದ್ರಾವತಿ ಬಸ್ಸು ಹತ್ತಿ ಹೋಗಿ, ಸಂಜೆಯ ಹೊತ್ತಿಗೆ ಜನ್ನಾಪುರದ ಮೆಡಿಕಲ್ ಶಾಪಿನ ಲಕ್ಷ್ಮೀಕಾಂತನ ಹೇಳಿಕೆ ಪಡೆದು ಬಂದ. ಮಾತ್ರೆ ದಾಕ್ಷಾಯಣಮ್ಮನದೇ. ವರ್ಷಗಳಿಂದ ಅವರಿಗೆ ನಿದ್ದೆ ಬಾರದ ತೊಂದರೆ. ಗೃಹಪ್ರವೇಶಕ್ಕೆಂದು ಹೋದವರು ಅಂಗಡಿಗೂ ಬಂದು ಹೊಸ ಪಟ್ಟಿ ಒಯ್ದಿದ್ದರು.

ಪಟ್ಟಿಯನ್ನು ಮುಂದಿಟ್ಟಾಗ ದಾಕ್ಷಾಯಣಿ ಅಲ್ಲಗಳೆಯಲಿಲ್ಲ. ಯಜಮಾನರು ಬೇರೇನು ಕೊಟ್ಟರೂ ಉಗಿಯುತ್ತಿದ್ದರು, ತೀರ್ಥ ಮಾತ್ರ ಬೇಡವೆನ್ನುತ್ತಿರಲಿಲ್ಲ ಎಂದರು. ಮೊದಮೊದಲು ಅರ್ಧ ಮಾತ್ರೆ ಸಾಕಾಗುತ್ತಿತ್ತು, ಆಮೇಲೆ ಸಾಕಾಗಲಿಲ್ಲ.

"ಪ್ರಾಣ ಹೋಗತ್ತೆ ಅನ್ನಿಸ್ಲಿಲ್ವಾ ಅಮ್ಮಾ?"

"ತೀರ್ಥದಲ್ಲಿ ಕೊಟ್ಟಿದ್ದು ಕೆಟ್ಟದ್ದು ಮಾಡಲ್ಲ ಅಂದ್ಕೊಂಡೆ ಸಾಹೇಬ್ರೇ."

"ಮಲಗ್ಸಿದ್ದಾದ್ರೂ ಯಾಕೆ?"

ಸೆರಗಿನ ಅಂಚು ಸುತ್ತುತ್ತಾ ಅವರು ಹೇಳಿದರು. ಮನೆಯಲ್ಲಿ ಮೇಷ್ಟ್ರು ಅವರನ್ನು ಕರೆಯುತ್ತಿದ್ದ ಹೆಸರು ಬಾಯಲ್ಲಿ ಹೇಳುವಂಥದಲ್ಲ. ಮದುವೆಯಾದಾಗಿನಿಂದ ಹಾಗೇ, ಆದರೆ ಬಾಗಿಲು ಹಾಕಿಕೊಂಡ ಮೇಲೆ ಮಾತ್ರ. ಆಪರೇಷನ್ ಆದಮೇಲೆ ಮೇಷ್ಟ್ರಿಗೆ ಬಾಗಿಲು ಎಲ್ಲಿದೆ ಎಂಬುದೇ ಮರೆತುಹೋಗಿತ್ತು. ಹೆಂಡತಿಯ ಮುಖ ಕಂಡರೆ ಸಾಕು, ವಾರ್ಡಿನ ನಡುವೆ ಅದೇ ಬೈಗುಳ. ದಿನವೂ ಹಣ್ಣು ಹಿಡಿದು, ಕಾಲು ಮುಟ್ಟಲು ಹಳೇ ಶಿಷ್ಯರು ಬರುತ್ತಿದ್ದರು.

"ದೇವರಂಥಾ ಮೇಷ್ಟ್ರು ಅಂತಿದ್ರು ಎಲ್ರೂ. ನಾನೂ ಹಂಗೇ ಹೇಳ್ಕೊಂಡು ಬಂದಿದ್ದೆ. ಅದೊಂದೇ ಇದ್ದಿದ್ದು ನಂಗೆ."

ಇದು ನಿನಗೆ ಗೊತ್ತಿತ್ತೇ ಎಂದು ರೇಣುಕಾಪ್ರಸಾದ್ ಮಧುವನ್ನು ಕೇಳಿದ. ಮಧು ನೆಲ ನೋಡುತ್ತಾ, ಅದು ಮನೆ ವಿಷಯ ಸಾರ್ ಎಂದ. ನರ್ಸಿನ ಮೇಲೆ ದೂರು ಬರೆಯುವಾಗ ಇದ್ದ ಗಂಟಲು ಈಗ ಎಲ್ಲಿ ಹೋಗಿತ್ತೋ. ಇನ್ಸ್‌ಪೆಕ್ಟರಿಗೆ ಎರಡು ಬಾರಿಸೋಣ ಎನ್ನಿಸಿತು. ಬಾರಿಸಲಿಲ್ಲ.

ಮಹಿಳಾ ಪೇದೆ ಬಂದಳು. ಮತ್ತು ಬರಿಸುವ ಪದಾರ್ಥ ಕೊಟ್ಟು ಅಪಾಯ ಉಂಟುಮಾಡಿದ ಆರೋಪದ ಮೇಲೆ ದಾಕ್ಷಾಯಣಿಯವರ ದಸ್ತಗಿರಿಯಾಯಿತು. ಸಮತಾಳ ಮೇಲೆ ಯಾವ ಸಾಕ್ಷ್ಯವೂ ಇಲ್ಲವೆಂದು ಬರೆದಾಯಿತು. ಯಜಮಾನರ ಪ್ರಾಣಕ್ಕೇನೂ ಇಲ್ಲವಂತೆ, ನಾಳೆ ಎಚ್ಚರಾಗಬಹುದು ಎಂದು ಅವಳೇ ಬಂದು ಅವರಿಗೆ ತಿಳಿಸಿದಳು. ದಾಕ್ಷಾಯಣಿ ಅವಳ ಕೈ ಹಿಡಿದುಕೊಂಡರು.

"ಎಚ್ಚರಾದಾಗ ಒಳಗೆ ಯಾರನ್ನೂ ಬಿಡ್ಬೇಡ ಕಣಮ್ಮ."

ಮರುದಿನ ಧ್ವಜಾರೋಹಣ ಮುಗಿಸಿ ಹೇಳಿಕೆ ಪಡೆಯಲು ರೇಣುಕಾಪ್ರಸಾದ್ ಬಂದಾಗ ಐಸಿಯು ಹೊರಗೆ ಶಿಷ್ಯರು ಮೂಸಂಬಿ ಹಿಡಿದು ನಿಂತಿದ್ದರು. ಒಳಗೆ ಮೇಷ್ಟ್ರಿಗೆ ಎಚ್ಚರವಾಗಿತ್ತು. ತೀರ್ಥ ಎಲ್ಲಿ ಎಂದು ಅವರು ಹೆಂಡತಿಯನ್ನು ಕರೆಯುತ್ತಿದ್ದರು, ಮನೆಯಲ್ಲಿ ಕರೆಯುತ್ತಿದ್ದ ಹೆಸರಿನಿಂದಲೇ, ಪಾಠ ಹೇಳುವವರ ದೊಡ್ಡ ಗಂಟಲಿನಲ್ಲಿ. ಸಮತಾ ಓಡಿ ಬಂದು ಬಾಗಿಲು ಮುಚ್ಚಿದಳು. ಅಷ್ಟರಲ್ಲಿ ಎಲ್ಲರೂ ಕೇಳಿಸಿಕೊಂಡಾಗಿತ್ತು.