ಐದನೇ ಸೇಜ್ ಗಿಡ

ನಾಲ್ಕನೇ ಹೆಣವನ್ನು ಬೈಕಿನ ಟ್ಯಾಂಕಿನ ಮೇಲೆ ಇಟ್ಟುಕೊಂಡು ಸಿದ್ದಲಿಂಗೇಶ ನರ್ಸರಿಯ ಗೇಟು ದಾಟಿ ಒಳಗೆ ಬಂದಾಗ ಶಿವಗಂಗಾ ಕೈಯಲ್ಲಿದ್ದ ಕತ್ತರಿಯನ್ನು ಬೆಂಚಿನ ಮೇಲೆ ಕುಕ್ಕಿದಳು.

"ಅಕ್ಕಾರ, ನಿಮ್ಮ ಕೊಲೆಗಾರ ಬಂದಾನ ನೋಡ್ರಿ," ಎಂದಳು ಕರೆಮ್ಮ. ಚೀಲಗಳಿಗೆ ಮಣ್ಣು ತುಂಬುತ್ತಿದ್ದ ಆ ಕೆಲಸದಾಕೆ ತಲೆಯನ್ನೂ ಎತ್ತಲಿಲ್ಲ.

"ನಿಮ್ಮ ಅನ್ನಬ್ಯಾಡ."

ಹೆಣ ಎಂದರೆ ಗಿಡ. ಟೆಕ್ಸಾಸ್ ಸೇಜ್ ಅಂತ ಅದರ ಹೆಸರು. ಮೊಣಕಾಲೆತ್ತರದ ಪೊದೆ, ಬೂದಿ ಬಳಿದಂಥ ಬಿಳಿ ಎಲೆ, ಗಾಳಿಯಲ್ಲಿ ತೇವ ಏರಿದಾಗ ಮೈತುಂಬ ನೇರಳೆ ಹೂ. ಮಸ್ಕಿಯ ಬಿಸಿಲಿಗೆ ಇದಕ್ಕಿಂತ ಒಳ್ಳೆಯ ಗಿಡ ಇಲ್ಲ ಎಂದು ಶಿವಗಂಗಾ ಬಂದವರಿಗೆಲ್ಲ ಹೇಳುತ್ತಿದ್ದಳು. ಪಾಮನಕಲ್ಲೂರಿನ ಗಿರಾಕಿಯೊಬ್ಬ ಎರಡು ತಿಂಗಳು ಮರೆತೇಬಿಟ್ಟಿದ್ದ ಗಿಡ ಮೂರನೇ ತಿಂಗಳು ಹೂ ಬಿಟ್ಟಿತ್ತು. ಇಂಥದ್ದನ್ನು ಸಾಯಿಸಬೇಕಾದರೆ ಮನುಷ್ಯ ಶ್ರಮಪಡಬೇಕು.

ಸಿದ್ದಲಿಂಗೇಶ ಯುಗಾದಿಯಿಂದ ಈಚೆಗೆ ನಾಲ್ಕು ಸಲ ಶ್ರಮಪಟ್ಟಿದ್ದ.

ಅವನು ದಢೇಸುಗೂರಿನವನು, ಕಾಲುವೆ ನೀರಲ್ಲಿ ಭತ್ತ ಬೆಳೆಯುವವನು. ಹೊಸ ಮನೆ ಕಟ್ಟಿಸಿ ಮುಂದೆ ಕೈತೋಟ ಮಾಡುತ್ತಿದ್ದ. ಒಂದು ಗಿಡಕ್ಕಾಗಿ ಸಿಂಧನೂರಿನ ಅಷ್ಟೂ ನರ್ಸರಿ ದಾಟಿಕೊಂಡು ಮಸ್ಕಿಗೆ ಬರುತ್ತಿದ್ದ. ಯಾಕೆ ಬರುತ್ತಾನೆ ಎಂಬುದನ್ನು ಶಿವಗಂಗಾ ತನ್ನಷ್ಟಕ್ಕೆ ತಾನು ತೀರ್ಮಾನಿಸಿಕೊಂಡಿದ್ದಳು. ಆದರೆ ಅವನ ಬಾಯಿಂದ ಬರಬೇಕಾದ ಮಾತು ಬರುತ್ತಿರಲಿಲ್ಲ, ಸತ್ತ ಗಿಡ ಮಾತ್ರ ಬರುತ್ತಿತ್ತು.

"ಮತ್ತ ಸತ್ತಿತೇನ್ರಿ?"

"ಸತ್ತೈತ್ರಿ."

ತಪ್ಪು ಮಾಡಿದವನ ಹಾಗೆ ತಲೆ ತಗ್ಗಿಸಿದ. ರೆಪ್ಪೆಯ ಅಡಿಯಿಂದ ಒಮ್ಮೆ ಅವಳನ್ನು ನೋಡಿದ. ಅವಳೂ ನೋಡುತ್ತಿದ್ದಾಳೆ ಎಂದು ಗೊತ್ತಾದ ಕೂಡಲೇ ಸೇಜ್ ಸಾಲಿನ ಕಡೆ ಕಣ್ಣು ತಿರುಗಿಸಿದ. ಎಡಗೆನ್ನೆಯಲ್ಲಿ ಏನೋ ಅಲುಗಿತು. ಅದು ನಗೆಯೇ ಇರಬೇಕು ಎಂದು ಅವಳಿಗೆ ಅನುಮಾನ.

ಅವಳು ಬೇರು ಬಿಡಿಸಿ ನೋಡಿದಳು. ಕಪ್ಪಾಗಿ ಕೊಳೆತು ನಾರುತ್ತಿತ್ತು.

"ಎಷ್ಟು ನೀರು ಹಾಕಿದ್ರಿ?"

"ನಾ ಒಂದು ಹನಿ ಹಾಕಿಲ್ರಿ. ಲಿಂಗದಾಣಿ."

"ಹಂಗಾದ್ರ ಗಿಡ ತಾನ ಅತ್ತು ಸತ್ತೈತೇನು?"

"ಇರಬೌದ್ರಿ. ನಿಮ್ಮನ್ನ ಬಿಟ್ಟು ಬಂದಿತ್ತಲ್ಲ."

ಕರೆಮ್ಮ ಕೆಮ್ಮಿದಳು. ಶಿವಗಂಗಾಳಿಗೆ ಕಿವಿ ಬಿಸಿಯಾಯಿತು. ಈ ಮನುಷ್ಯ ಅರ್ಧ ಮಾತು ಆಡಿ ಅರ್ಧ ನುಂಗುತ್ತಾನೆ, ನುಂಗಿದ್ದನ್ನು ತಾನು ರಾತ್ರಿಯಿಡೀ ಹುಡುಕಬೇಕು. ನರ್ಸರಿಗೆ ಹೊಂದಿಕೊಂಡೇ ಮನೆ. ಬಂದವರ ಕೈಗೆ ಮೊದಲು ಒಂದು ತಂಬಿಗೆ ನೀರು ಕೊಡುವುದು ಆ ಮನೆಯ ಪದ್ಧತಿ. ಇವನಿಗೆ ಮಾತ್ರ, ಸತ್ತ ಗಿಡ ತಂದ ನಾಲ್ಕು ಸಲವೂ ಅವಳು ಕೊಟ್ಟಿರಲಿಲ್ಲ. ಗಿಡಗಳನ್ನು ನೀರಲ್ಲಿ ಮುಳುಗಿಸಿ ಕೊಲ್ಲುವವನಿಗೆ ನೀರು ಬೇರೆ ಕೇಡು.

"ಐದನೇದು ನಿಮ್ಮ ಕೈಗೆ ಕೊಡಂಗಿಲ್ರಿ. ನಾಳೆ ನಾನ ಬರ್ತೀನಿ. ಇಡೋ ಜಾಗ ನೋಡಬೇಕು."

ಅವನ ಮುಖದ ನಗೆ ಹಾರಿಹೋಯಿತು. "ನೀವ್ಯಾಕ ತ್ರಾಸ ತಗೋತೀರ್ರಿ," ಎಂದು ಏನೇನೋ ಸಬೂಬು ಹೇಳಿದ. ಅವಳು ಕೇಳಲಿಲ್ಲ.

ಆ ಸಂಜೆ ಅಪ್ಪ ಅಮರಗುಂಡಪ್ಪ ಮೂರನೇ ಸಲ ಅದೇ ಪ್ರಶ್ನೆ ಕೇಳಿದ. ಲಿಂಗಸುಗೂರಿನ ಸಂಬಂಧ, ಒಳ್ಳೆಯ ಮನೆತನ, ಅಂಗಡಿ ಇರುವ ಹುಡುಗ, ಅವರ ಕಡೆಯಿಂದ ಒಪ್ಪಿಗೆಯೂ ಬಂದಿತ್ತು.

"ಬ್ಯಾಡ ಅಂದ್ರ ಬ್ಯಾಡ ಅನ್ನವ್ವ. ನಾ ಜಬರದಸ್ತಿ ಮಾಡಂಗಿಲ್ಲ. ಆದ್ರ ಮಂದಿಗೆ ಹೇಳಾಕ ಒಂದು ಕಾರಣ ಬೇಕಲ್ಲ. ಕಾರಹುಣ್ಣಿಮಿ ಒಳಗ ಹೇಳು."

ಕಾರಣ ದಢೇಸುಗೂರಿನಲ್ಲಿತ್ತು, ಬಾಯಿ ಬಿಡುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಸಿಂಧನೂರಿನವರೆಗೆ ಬಸ್ಸು, ಅಲ್ಲಿಂದ ಆಟೋ. ಬೇಸಿಗೆಗೆ ಕಾಲುವೆ ನೀರು ನಿಂತಿದ್ದರೂ ದಢೇಸುಗೂರಿನ ಎರೆಮಣ್ಣಿಗೆ ಇನ್ನೂ ಒದ್ದೆಯ ವಾಸನೆ ಇತ್ತು. ಸಿದ್ದಲಿಂಗೇಶ ಹೊಲಕ್ಕೆ ಹೋಗಿದ್ದ. ಅವನ ತಾಯಿ ಕಲ್ಯಾಣಮ್ಮ ಒಳಗೆ ಪೂಜೆಗೆ ಕೂತಿದ್ದಾರೆ ಎಂದು ಪಕ್ಕದ ಮನೆಯವರು ಹೇಳಿದರು. ಶಿವಗಂಗಾ ಅಂಗಳದಲ್ಲಿ ಬಿಸಿಲು ಚೆನ್ನಾಗಿ ಬೀಳುವ ಜಾಗ ನೋಡಿ ಕುಂಡ ಇಟ್ಟಳು.

ಬೆನ್ನು ನೆಟ್ಟಗೆ ಮಾಡುವುದರೊಳಗೆ ಕಲ್ಯಾಣಮ್ಮ ಹೊರಗೆ ಬಂದರು. ಹಣೆತುಂಬ ವಿಭೂತಿ, ಕೈಯಲ್ಲಿ ತುಂಬಿದ ಬೋಗುಣಿ. ಬಂದವಳನ್ನು ನೋಡಿ ನಕ್ಕರು, ಕುಂಡವನ್ನು ನೋಡಿ ಇನ್ನೂ ಹೆಚ್ಚು ನಕ್ಕರು, ಬೋಗುಣಿಯಷ್ಟೂ ನೀರನ್ನು ಅದಕ್ಕೆ ಸುರಿದರು.

"ಯವ್ವಾ, ಏನು ಮಾಡಾಕತ್ತೀರಿ?"

"ಪೂಜಿ ನೀರವ್ವ. ನಾ, ನಮ್ಮ ಮನಿಯವರು, ಸಿದ್ದು, ಮೂರೂ ಮಂದಿ ಲಿಂಗಪೂಜಿ ಮಾಡಿದ ನೀರು. ತುಳೀಬಾರದಲ್ಲ, ಗಿಡದ ಬುಡಕ್ಕ ಹಾಕೋದು. ಅದಕ್ಕ ಈ ಈಬತ್ತಿ ಗಿಡಕ್ಕಿಂತ ಚಲೋ ಜಾಗ ಯಾವುದೈತಿ ಹೇಳು. ಮೈತುಂಬ ಈಬತ್ತಿ ಬಳಕೊಂಡೈತಿ."

ಶಿವಗಂಗಾ ಎಲೆಗಳನ್ನು ನೋಡಿದಳು. ಹೌದು, ವಿಭೂತಿಯ ಬಣ್ಣವೇ. ಇಷ್ಟು ವರ್ಷ ಬೆಳೆಸಿದ ತನಗೆ ಹೊಳೆದಿರಲಿಲ್ಲ. ಇಂಥ ಕೈಯ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ.

ಸಿಟ್ಟು ಹೋದ ಜಾಗಕ್ಕೆ ಬೇರೊಂದು ನೋವು ಬಂದು ಕೂತಿತು. ಹಾಗಾದರೆ ಅವನು ನಿಜವನ್ನೇ ಹೇಳಿದ್ದ. ಗಿಡ ಸಾಯುತ್ತಿತ್ತು, ಅದಕ್ಕೇ ಬರುತ್ತಿದ್ದ. ಉಳಿದದ್ದನ್ನೆಲ್ಲ ತಾನೇ ಕಟ್ಟಿಕೊಂಡಿದ್ದಳು.

"ಇದಕ್ಕ ನೀರು ಆಗಿಬರಂಗಿಲ್ರಿ, ಯವ್ವಾ. ಬೇರು ಕೊಳೀತಾವ," ಎಂದಳು ಮೆಲ್ಲಗೆ.

"ಗೊತ್ತೈತವ್ವ. ಮೊದಲನೇದು ಸತ್ತಾಗ ಸಿದ್ದು ಹೇಳಿದ. ದಾಸವಾಳಕ್ಕ ಹಾಕ್ತೀನಿ ಬಿಡು ಅಂದೆ. ಬ್ಯಾಡವ್ವಾ, ನಿನ್ನ ಪದ್ಧತಿ ಬಿಡಬ್ಯಾಡ, ಗಿಡ ಹೋದ್ರ ಮಸ್ಕಿಗೆ ಹೋಗಿ ಮತ್ತ ತರ್ತೀನಿ ಅಂದ. ನನ್ನ ಮ್ಯಾಲ ಭಾಳ ಜೀವ ಅವಗ."

ಅದೇ ಹೊತ್ತಿಗೆ ಬೈಕು ಬಂದು ನಿಂತಿತು. ಸಿದ್ದಲಿಂಗೇಶ ಮೊದಲು ಖಾಲಿ ಬೋಗುಣಿ ನೋಡಿದ, ಆಮೇಲೆ ಶಿವಗಂಗಾಳ ಮುಖ ನೋಡಿದ. ಬೈಕಿನಿಂದ ಇಳಿಯಲೇ ಇಲ್ಲ.

"ಲಿಂಗದಾಣಿ ಮಾಡಿದ್ರಿ," ಎಂದಳು ಅವಳು.

"ಸುಳ್ಳು ಹೇಳಿಲ್ರಿ. ನಾ ಹಾಕಿಲ್ಲ. ಅವ್ವ ಹಾಕ್ಯಾಳ."

"ಒಂದೊಂದು ಗಿಡಕ್ಕ ಒಂದು ವರ್ಷ ರೀ. ಹತ್ತು ಕಡ್ಡಿ ಊರಿದ್ರ ಎರಡು ಬೇರು ಬಿಡ್ತಾವ. ಅವನ್ನ ಬಿಸಿಲಿಗೆ ಸರಿಸಿ, ನೆರಳಿಗೆ ಸರಿಸಿ, ಮಗೂನ ಹಂಗ ನೋಡಿಕೊಂಡಿರ್ತೀನಿ. ನಾಕು ಕೊಂದೀರಿ. ಯಾಕ?"

ಅವನು ಹ್ಯಾಂಡಲನ್ನು ಹಿಡಿದುಕೊಂಡೇ ಇದ್ದ. "ಮತ್ತ ಏನಂತ ಬರಬೇಕಿತ್ತು ನಾನು?"

"ದೇವರು ಬಾಯಿ ಕೊಟ್ಟಾನಲ್ಲ."

ಕಲ್ಯಾಣಮ್ಮ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಕಣ್ಣು ಹಾಯಿಸುತ್ತಿದ್ದರು. ತಾಯಿಯ ಎದುರು ಅವನ ನಾಲಿಗೆ ಇನ್ನಷ್ಟು ಗಂಟುಬಿತ್ತು. ಶಿವಗಂಗಾ ಕಾದಳು. ಅವನು ಬೈಕಿನ ಕನ್ನಡಿ ಒರೆಸತೊಡಗಿದ. ಅವಳ ಮೈಯೆಲ್ಲ ಉರಿದುಹೋಯಿತು. ಕುಂಡವನ್ನು ವಾಲಿಸಿ ನೀರು ಬಸಿದಳು, ಒದ್ದೆ ಮಣ್ಣು ಕೆಡವಿ, ಚೀಲದಲ್ಲಿ ತಂದಿದ್ದ ಗರಸು ಕಲ್ಲುಪುಡಿ ತುಂಬಿ ಗಿಡವನ್ನು ಮತ್ತೆ ನಿಲ್ಲಿಸಿದಳು.

"ಯವ್ವಾ, ಪೂಜಿ ನೀರು ದಾಸವಾಳಕ್ಕ ಹಾಕ್ರಿ. ಮತ್ತ ನೀವು," ಎಂದು ಅವನ ಕಡೆ ತಿರುಗಿದಳು, "ಇದು ಹೂ ಬಿಡೋತನಕ ಮಸ್ಕಿ ಕಡೆ ಮುಖ ಹಾಕಬ್ಯಾಡ್ರಿ."

ಬಸ್ಸು ಸಿಂಧನೂರು ಬಿಟ್ಟ ಮೇಲೆ ತಾನು ಹೇಳಿದ್ದೇನು ಎಂದು ಅವಳಿಗೆ ಹೊಳೆಯಿತು. ಆ ಗಿಡ ಯಾವಾಗ ಅರಳುತ್ತದೆ ಎಂದು ಬೆಳೆಸಿದವರಿಗೂ ಗೊತ್ತಿಲ್ಲ. ಮೋಡ ಕವಿದು ಗಾಳಿ ತೇವ ಆದರೆ ಅರಳೀತು, ಇಲ್ಲದಿದ್ದರೆ ದೀಪಾವಳಿ ಆದೀತು. ಕಾರಹುಣ್ಣಿಮೆಗೆ ಇದ್ದದ್ದು ಇಪ್ಪತ್ತೆರಡು ದಿನ. ಹಣೆ ಚಚ್ಚಿಕೊಳ್ಳಬೇಕು ಅನಿಸಿತು, ಪಕ್ಕದಲ್ಲಿ ಸಂತೆಕಲ್ಲೂರಿನ ಮುದುಕಿಯೊಬ್ಬಳು ಕೂತಿದ್ದಳೆಂದು ಸುಮ್ಮನಾದಳು.

ಅಂದಿನಿಂದ ದಿನವೂ ಅವಳು ಆಕಾಶದ ಜೊತೆ ಜಗಳಾಡಿದಳು. ಬೆಳಿಗ್ಗೆ ಎದ್ದರೆ ಸೇಜ್ ಸಾಲು ನೋಡುವುದು, ಸಂಜೆ ಗುಡ್ಡದ ಮೇಲೆ ಮೋಡ ಇದೆಯೇ ಎಂದು ನೋಡುವುದು. ಬೈಕಿನ ಸದ್ದಾದರೆ ಗೇಟಿನ ಕಡೆ ಕತ್ತು ತಿರುಗುತ್ತಿತ್ತು. ತಿರುಗಿದ್ದಕ್ಕೆ ತನ್ನ ಮೇಲೇ ರೇಗುತ್ತಿತ್ತು. ಅವನಿಲ್ಲದೆ ಬೇಸರವಾಗಿದೆ ಎಂದು ಒಂದು ಮಧ್ಯಾಹ್ನ ತನಗೆ ತಾನೇ ಒಪ್ಪಿಕೊಂಡಳು. ಒಪ್ಪಿಕೊಂಡ ಮೇಲೆ ಬೇಸರ ಇನ್ನೂ ಜಾಸ್ತಿಯಾಯಿತು.

"ಗಂಟುಮುಖಕ್ಕ ಒಂದೀಟು ನೀರು ಹೊಡಕೊಳ್ರಿ ಅಕ್ಕಾರ," ಎಂದಳು ಕರೆಮ್ಮ. "ಸಸಿ ಹೆದರಿ ಚಿಗುರವಲ್ವು."

ಹುಣ್ಣಿಮೆಯ ಹಿಂದಿನ ದಿನ ಸೆಕೆಯೋ ಸೆಕೆ. ಗಾಳಿ ನಿಂತುಬಿಟ್ಟಿತ್ತು. ಮೂರು ಗಂಟೆಯ ಹೊತ್ತಿಗೆ ಗೇಟಿನ ಬಳಿ ಬೈಕು ನಿಂತಿತು. ಸಿದ್ದಲಿಂಗೇಶ ಇಳಿದು, ಮುಂದಿಟ್ಟುಕೊಂಡಿದ್ದ ಕುಂಡವನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಮುಂದೆ ಇಳಿಸಿದ. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು.

"ಅರಳಿಲ್ರಿ," ಎಂದ.

"ಮತ್ತ್ಯಾಕ ಬಂದ್ರಿ?"

"ಅರಳಿಲ್ಲ ಅಂತ ಹೇಳಾಕ."

ಅವಳಿಗೆ ನಗು ಬಂತು, ಅಳುವೂ ಬಂತು. ಎರಡನ್ನೂ ತಡೆದು ಹುಬ್ಬು ಗಂಟಿಕ್ಕಿದಳು. "ಗಿಡ ಹೊತ್ತು ತಂದೀರಿ ಯಾಕ?"

"ಬದುಕೈತಿ ಅಂತ ತೋರಸಾಕ." ಈ ಸಲ ಅವನು ಕಣ್ಣು ತಿರುಗಿಸಲಿಲ್ಲ. "ಇದು ಅರಳೋತನಕ ತಡೀಬೇಕಂತ ಭಾಳ ಕೂತೆ ರೀ. ದಿನಾ ನೋಡಿದೆ. ಇದರ ಮನಸ್ಸು ನನಗ ತಿಳೀವಲ್ದು. ನನ್ನ ಮನಸ್ಸು ತಿಳದೈತಿ. ಮೊದಲನೇ ಸಲ ಬಂದಾಗ ತಿಳದಿತ್ತು, ಹೇಳಾಕ ಧೈರ್ಯ ಆಗಲಿಲ್ಲ. ನೀವು ಬೇಕು ನನಗ. ನಾಕು ಗಿಡಕ್ಕ ಬೈರಿ, ಬೈಸ್ಕೋತೀನಿ. ನಿಮ್ಮಪ್ಪಾರ ಜೋಡಿ ಮಾತಾಡಿಯೇ ಹೋಗ್ತೀನಿ."

ಮಣ್ಣು ತುಂಬುತ್ತಿದ್ದ ಕರೆಮ್ಮನ ಕೈ ನಿಂತಿತ್ತು.

ಶಿವಗಂಗಾ ಮುಖ ಮರೆಸಿಕೊಳ್ಳಲು ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತಳು. ಎಲೆ ಹೊರಡುವ ಪ್ರತಿ ಸಂದಿಯಲ್ಲೂ ಜೋಳದ ಕಾಳಿಗಿಂತ ಚಿಕ್ಕ ಮೊಗ್ಗು, ಎಲೆಯದೇ ಬೂದಿ ಬಣ್ಣ, ತುದಿಯಲ್ಲಿ ಮಾತ್ರ ಸೂಜಿಮೊನೆಯಷ್ಟು ನೇರಳೆ. ಒಂದಲ್ಲ, ನೂರು. ಬದುವಿನ ಮೇಲೆ ನಿಂತೇ ಭತ್ತದ ಹದ ಹೇಳುವ ಮನುಷ್ಯ ಇವನ್ನು ಟ್ಯಾಂಕಿನ ಮೇಲಿಟ್ಟುಕೊಂಡು ಮಸ್ಕಿಯವರೆಗೆ ಬಂದಿದ್ದ, ಕಂಡಿರಲಿಲ್ಲ. ನಾಳೆಯವರೆಗೆ ತಡೆದಿದ್ದರೆ ಹೂ ನೆವ ಆಗುತ್ತಿತ್ತು. ನೆವವಿಲ್ಲದೆ ಬಂದಿದ್ದಾನೆ.

ಮೊಗ್ಗಿನ ಮಾತನ್ನು ಅವಳು ಅವನಿಗೆ ಹೇಳಲಿಲ್ಲ. ಸುಳ್ಳನ್ನೇನೂ ಆಡಲಿಲ್ಲ, ಅವನ ಹಾಗೆಯೇ.

"ಗಿಡ ಇಲ್ಲೇ ಇರ್ಲಿ," ಎಂದಳು ಎದ್ದು ನಿಂತು. "ನಾಳೆ ಹೋಳಗಿ ಮಾಡ್ತೀವಿ. ನಿಮ್ಮವ್ವಾರನ್ನ, ನಿಮ್ಮಪ್ಪಾರನ್ನ ಕರಕೊಂಡು ಬರ್ರಿ."

"ನಾಳೆ ಅರಳತೈತೇನ್ರಿ?"

"ನನ್ನ ಕೇಳಿ ಅರಳತೈತೇನು ಅದು."

ಅವಳು ಮನೆಯ ಬಾಗಿಲ ಕಡೆ ತಿರುಗಿ ಕೂಗಿದಳು. "ಅಪ್ಪಾ, ಕಾರಣ ಕೇಳಿದ್ದಿಯಲ್ಲ, ಬಂದಾನ. ಹೊರಗ ಬಾ."

ಅಮರಗುಂಡಪ್ಪ ಹೆಗಲ ಮೇಲೆ ಟವೆಲ್ ಹಾಕಿಕೊಳ್ಳುತ್ತ ಬಂದ. ಬೆವತು ನಿಂತಿದ್ದ ಹುಡುಗನನ್ನು ನೋಡಿದ, ಕುಂಡ ನೋಡಿದ, ಮಗಳ ಮುಖ ನೋಡಿದ. ಮಗಳ ಮುಖವನ್ನು ತುಸು ಹೆಚ್ಚು ಹೊತ್ತು ನೋಡಿದ.

"ಬರ್ರಿ, ಕುಂದರ್ರಿ," ಎಂದ. "ಏನವ್ವ, ಬಂದವರಿಗೆ ನೀರು ಕೊಟ್ಟಿಯೋ ಇಲ್ಲೋ?"

ಶಿವಗಂಗಾ ಒಳಗೆ ಹೋಗಿ ತಂಬಿಗೆ ತುಂಬ ತಣ್ಣನೆಯ ನೀರು ತಂದು ಸಿದ್ದಲಿಂಗೇಶನ ಕೈಗೆ ಕೊಟ್ಟಳು.

"ನಿಮಗ ಇದು," ಎಂದಳು ಅವನಿಗಷ್ಟೇ ಕೇಳುವಂತೆ. "ಗಿಡಕ್ಕ ಅಲ್ಲ."

ಅವನು ನಿಂತಲ್ಲೇ ತಂಬಿಗೆ ಎತ್ತಿ, ಒಂದು ಹನಿಯೂ ಕೆಳಗೆ ಬೀಳದಂತೆ ಪೂರ್ತಿ ಕುಡಿದ.