ಸುಣ್ಣದ ಗೊರಸು

ಧನುರ್ಮಾಸದ ಮಂಜು ಠಾಣೆಯೊಳಕ್ಕೂ ಬಂದು ಕೂತಿತ್ತು. ೧೯೫೬, ಡಿಸೆಂಬರ್ ೨೦, ಬೆಳಗ್ಗೆ ಏಳು ಗಂಟೆ. ಚಾಮರಾಜಪುರಂನ ಹಾಲಿನ ಕೃಷ್ಣಪ್ಪ ಇನ್ಸ್‌ಪೆಕ್ಟರ್ ಗುರುಮಲ್ಲಪ್ಪನವರ ಮುಂದೆ ಕೈಕಟ್ಟಿ ನಿಂತ.

“ಯಾರೋ ನನ್ನ ಗೌರೀನ ಕದ್ದವ್ರೆ, ಬುದ್ಧಿ.”

“ಹಸು ಈಗೆಲ್ಲಿದೆ?”

“ಕೊಟ್ಟಿಗೇಲೇ ಅದೆ. ಕತ್ಲೇಲಿ ಬಿಚ್ಕೊಂಡೋಗಿ, ಬೆಳಗಾಗೋದ್ರೊಳ್ಗೆ ತಂದು ಕಟ್ಬುಡ್ತಾರೆ.”

ಕಾನ್‌ಸ್ಟೇಬಲ್ ಮರಿಯಯ್ಯ ನಕ್ಕೇಬಿಟ್ಟ. ಕೃಷ್ಣಪ್ಪ ನಗಲಿಲ್ಲ. ಗೌರಿಗೆ ಕಾಲುಬಾಯಿ ಜ್ವರ. ದನದ ಡಾಕ್ಟರು ಹೇಳಿದಂತೆ ಅವನು ಅದನ್ನು ಬೇರೆ ಕಟ್ಟಿ, ಬಾಗಿಲಿಗೆ ಸುಣ್ಣ ಚೆಲ್ಲಿ, ಮನೆಮನೆ ಮುಂದೆ ಹಸು ನಿಲ್ಲಿಸಿ ಹಾಲು ಕರೆದುಕೊಡುವ ವರ್ತನೆಯನ್ನೇ ನಿಲ್ಲಿಸಿದ್ದ. ಆದರೂ ಪಕ್ಕದ ಬೀದಿಯ ಬೋರಮ್ಮನ ಕರು ಜೊಲ್ಲು ಸುರಿಸುತ್ತ ಮಲಗಿತ್ತು. ಕೃಷ್ಣಪ್ಪನೇ ರೋಗದ ಹಸುವನ್ನು ಕದ್ದು ಮೇಯಿಸುತ್ತಾನೆಂದು ಬೀದಿಯೆಲ್ಲ ಮಾತು. ಇನ್ನು ಅವನ ಕೈಯಿಂದ ಹಾಲು ಕೊಳ್ಳುವವರಾರು?

ಎಫ್‌ಐಆರ್ ಬರೆದು ಮೂವರೂ ಹೊರಟರು. ಮರ, ಮನೆ ಎಲ್ಲ ಹಾಲಲ್ಲಿ ಅದ್ದಿದಂತಿದ್ದವು. ನೆಲದ ಮೇಲೆ ಮಾತ್ರ ಬಿಳಿ ಗೊರಸಿನ ಗುರುತು. ಚೆಲ್ಲಿದ ಸುಣ್ಣ ತುಳಿದು ಹಸು ತನ್ನ ದಾರಿ ತಾನೇ ತೋರಿಸಿತ್ತು. ಆ ಗುರುತಿನ ಹಿಂದೆ ನಡೆಯುತ್ತ ಮರಿಯಯ್ಯನಿಗೆ ತಾನು ಕೆಲಸದ ಮೇಲಿರುವುದೇ ಮರೆತುಹೋಯಿತು. ಬೋರಮ್ಮನ ಕರುವಿನ ಗೂಟದ ಪಕ್ಕದಲ್ಲೇ ಹಾದು ಗುರುತು ಒಂದು ಹೆಂಚಿನ ಮನೆಯ ರಂಗೋಲಿಯ ಮೇಲೆ ನಿಂತಿತು. ಅಲ್ಲೇ ಮಹಜರು ಆಯಿತು.

ಬಾಗಿಲು ತೆರೆದವಳು ಆ ಮನೆಯ ಸೊಸೆ ಅಂಬುಜಾ.

“ಹಸು ತಂದದ್ದು ಯಾರಮ್ಮ?” ಎಂದರು ಗುರುಮಲ್ಲಪ್ಪ.

“ನಾನೇ.”

“ರೋಗ ಇರೋದು ಗೊತ್ತಿತ್ತಾ?”

“ಗೊತ್ತಿತ್ತು.”

“ಹಾಲು ಕರೆದ್ರಾ?”

“ಇಲ್ಲ. ನಮ್ಮತ್ತೆಗೆ ಕಣ್ಣು ಕಾಣಲ್ಲ. ಬೆಳಗ್ಗೆ ಗೌರಿ ಮುಖ ಮುಟ್ಟದೆ ತೊಟ್ಟು ನೀರೂ ಕುಡಿಯಲ್ಲ. ಬೇರೆ ಹಸು ತಂದೆ. ಅದರ ಉಸಿರು ತಾಗಿದ್ದೇ ‘ಇದು ಗೌರಿ ಅಲ್ಲ’ ಅಂದ್ರು. ಉಪವಾಸ ಬಿದ್ದು ಸಾಯೋರನ್ನ ನೋಡ್ಕೊಂಡಿರ್ಲಾ?”

“ನನ್ನೊಂದ್ ಮಾತು ಕೇಳ್ಬಾರ್ದಿತ್ತಾ, ಅಮ್ಮಾವ್ರೇ?” ಎಂದ ಕೃಷ್ಣಪ್ಪ.

“ಕೇಳಿದ್ರೆ ಕೊಡ್ತಿದ್ದೆಯಾ?”

“ಇಲ್ಲ. ಕೊಡ್ತಿರ್ಲಿಲ್ಲ.”

ಅಷ್ಟರಲ್ಲಿ ಬೋರಮ್ಮನ ಅಳು ಕೇಳಿಸಿತು. ಕರು ಸತ್ತುಹೋಗಿತ್ತು. ಗುರುಮಲ್ಲಪ್ಪನವರು ಅಂಬುಜಾಳತ್ತ ತಿರುಗಿದರು. ದಸ್ತಗಿರಿ ಎಂದರು.

ಒಳಗಿನಿಂದ ಅತ್ತೆ ಗಿರಿಜಾಂಬಾ ಕೂಗಿದರು. “ಗೌರಿಗೆ ಜ್ವರವೇನೋ ಕೃಷ್ಣಪ್ಪ?”

“ಹೂಂ ಅಮ್ಮಾವ್ರೇ.”

“ಅಂಬುಜಾ, ನಂಗ್ಯಾಕೆ ಹೇಳ್ಲಿಲ್ಲ? ಜ್ವರ ಬಂದ ಮಗೂನ ಈ ಚಳೀಲಿ ಯಾರಾದ್ರೂ ನಡೆಸ್ತಾರೇನೇ? ಅದು ವಾಸಿ ಆಗೋವರೆಗೂ ನನ್ನ ನೇಮ ಹಾಗಿರ್ಲಿ. ಗಂಜಿ ತಾ.”

ಅತ್ತೆ ನೊಂದಾರೆಂದು ಅಂಬುಜಾ ನುಂಗಿಕೊಂಡಿದ್ದು ಗೌರಿಗೆ ಜ್ವರವೆಂಬ ಅದೊಂದೇ ಮಾತನ್ನು. ಅವಳು ಅಳುತ್ತಲೇ ಗಂಜಿ ಕುಡಿಸಿದಳು. ಲೋಟ ಖಾಲಿಯಾಗುವವರೆಗೆ ಪೊಲೀಸರು ಜಗಲಿಯ ಮೇಲೆ ಕಾದರು.