ಹಿಟ್ಟಿನ ಮೇಲೆ ಬುದ್ಧಿಬಲ

ಗಿರಣಿಯ ಸದ್ದಿನಲ್ಲಿ ಶಿವಗಂಗಾ ಹೇಳಿದ್ದು ಗಿರಣಿ ನಡೆಸುವ ಮಡಿವಾಳನಿಗೆ ಕೇಳಿಸಲಿಲ್ಲ. ಎರಡು ವರ್ಷದಲ್ಲಿ ಆಕೆ ಅವನೊಡನೆ ಆಡಿದ ಮೊದಲ ಮಾತು ಅದು.

"ಹಿಟ್ಟು ತರಿ ಆಗೇತೇನ್ರಿ?" ಅವನು ಕೂಗಿದ.

ಆಕೆ ಅಲ್ಲವೆಂದು ತಲೆಯಾಡಿಸಿದಳು.

"ತೂಕ ಕಡಿಮಿ ಬಂತೇನು?"

ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಆಕೆ ಒಂದು ಹೆಜ್ಜೆ ಹತ್ತಿರ ಬಂದಳು. "ವಜೀರನ್ನ ಅಷ್ಟ ಲಗೂ ಹೊರಗ ತರಬ್ಯಾಡ್ರಿ."

ಮಡಿವಾಳನ ಹುಬ್ಬಿನ ಮೇಲೂ ಹಿಟ್ಟು ಕೂತಿತ್ತು. ಆ ಬಿಳಿ ಹುಬ್ಬು ಮೇಲೇರಿ ಅಲ್ಲೇ ನಿಂತುಬಿಟ್ಟಿತು.

ಸೋಮವಾರ ಮಿಶ್ರಿಕೋಟಿಯಲ್ಲಿ ಯಾರೂ ಎತ್ತು ಹೂಡುವುದಿಲ್ಲ. ಎತ್ತುಗಳಿಗೆ ಬಿಡುವಾದರೆ ಶಿವಗಂಗಾಳ ತಂದೆ ಕುಬೇರಪ್ಪನಿಗೆ ಬುದ್ಧಿಬಲದ ದಿನ. ಮಧ್ಯಾಹ್ನದ ಊಟವಾದೊಡನೆ ಮನೆಯ ಮುಂದಿನ ಕಟ್ಟೆಯ ಮೇಲೆ ಮಣೆ ಹಾಸಿ, ಕಾಯಿ ಹೂಡಿ, ಬೀದಿ ನೋಡುತ್ತ ಕೂರುವನು. ಹಿಂದೆಲ್ಲ ಆಡುವವರು ಸರದಿ ಕಾಯುತ್ತಿದ್ದರು. ಪಂಚಾಯ್ತಿಗೆ ಟೀವಿ ಬಂದ ಮೇಲೆ ಒಬ್ಬೊಬ್ಬರೇ ಅತ್ತ ಸರಿದರು. ಉಳಿದವನು ಗಿರಣಿಯ ಮಡಿವಾಳ ಒಬ್ಬನೇ. ಅವನೋ, ಪ್ರತಿ ವಾರ ತಪ್ಪದೆ ಬರುವನು, ತಪ್ಪದೆ ಸೋಲುವನು.

ನಿನ್ನೆ ಕುಬೇರಪ್ಪನ ತಾಳ್ಮೆ ಮುಗಿದಿತ್ತು. "ಲೇ ಮಗನ, ನಿನ್ನ ಕೂಡ ಆಡೂದಕ್ಕಿಂತ ಎತ್ತಿನ ಮುಂದ ಮಣಿ ಇಟ್ಟು ಕುಂಡ್ರೂದು ಚಲೋ! ದೀವಳಿಗಿ ತನಕಾ ನೋಡ್ತೇನಿ. ಅಷ್ಟರಾಗ ಆಟ ಕಲಿತ್ರ ಬಾ. ಇಲ್ಲಾಂದ್ರ ಈ ಕಟ್ಟಿ ಏರಬ್ಯಾಡ."

ಬಾಗಿಲ ಮರೆಯಲ್ಲಿ ನಿಂತ ಶಿವಗಂಗಾ ಅದನ್ನು ಕೇಳಿಸಿಕೊಂಡಳು. ಏಳನೇ ಇಯತ್ತೆಗೆ ಶಾಲೆ ಬಿಟ್ಟ ಮೇಲೆ, ಗಿರಣಿಯ ದಾರಿಯೊಂದನ್ನು ಬಿಟ್ಟರೆ, ಆಕೆ ಲೋಕವನ್ನು ನೋಡಿದ್ದೆಲ್ಲ ಆ ಬಾಗಿಲ ಮರೆಯಿಂದಲೇ. ಅಲ್ಲಿಂದಲೇ ಆಟ ಕಲಿತಳು. ಅಲ್ಲಿಂದಲೇ ಇನ್ನೊಂದನ್ನೂ ಕಲಿತಳು. ಅದರ ಹೆಸರನ್ನು ಮನಸ್ಸಿನಲ್ಲಿ ಹೇಳಿಕೊಳ್ಳಲೂ ಆಕೆಗೆ ನಾಚಿಕೆ. ಮಡಿವಾಳ ಕಟ್ಟೆ ಏರದಿದ್ದರೆ ಸೋಮವಾರ ಎತ್ತುಗಳಿಗೆ ಮಾತ್ರ ಹಬ್ಬ.

ಅದಕ್ಕೇ ಈ ಧೈರ್ಯ.

"ನಿಮಗ ಆಟ ಬರ್ತೈತೇನ್ರಿ?" ಮಡಿವಾಳ ಕಣ್ಣರಳಿಸಿದ.

"ಅಪ್ಪನ ಆಟ ಬರ್ತೈತಿ. ಅಪ್ಪ ಹೆದರಿದ್ರ ಎಲಿ ಅಡಿಕಿ ಕೇಳ್ತಾನ. ಹೊಂಚು ಹಾಕಿದ್ರ ಬೈತಾನ. ಸುಮ್ಮನ ಕುಂತಾನಂದ್ರ ಅವಗ ಏನೂ ತಿಳಿದಿಲ್ಲಂತ ಅರ್ಥ."

"ಹಂಗಾರ ನನಗ ಕಲಿಸ್ರಿ."

"ದಿನಾ ಕಲೀಬೇಕಾಗ್ತೈತಿ."

"ದಿನಾ ಬರ್ತೀರೇನು?" ಎಂದವನ ದನಿಯಲ್ಲಿ ಆಸೆ ಎಷ್ಟು ಬಯಲಾಗಿತ್ತೆಂದರೆ, ಶಿವಗಂಗಾ ಹಿಟ್ಟಿನ ಚೀಲದ ಬಾಯಿಯನ್ನು ಬಿಚ್ಚಿ ಮತ್ತೆ ಕಟ್ಟಿದಳು.

ಟೈಮ್‌ಟೇಬಲ್ ಮಾತ್ರ ಆಕೆ ಮನೆಯಲ್ಲೇ ಯೋಚಿಸಿ ಬಂದಿದ್ದಳು. "ಮೊದಲ ಎರಡ ದಿನಾ ಬರೇ ಶುರುವಿನ ನಡಿ. ಆಮ್ಯಾಲೆ ಕುದುರಿ. ಅದು ಎಲ್ಲೆಲ್ಲಿ ಜಿಗಿತೈತಿ ಅನ್ನೂದನ್ನ ಕಣ್ಣು ಮುಚ್ಚಿ ಹೇಳಬೇಕು. ಶನಿವಾರ ನಾ ಅಪ್ಪನ ಹಂಗ ಆಡ್ತೇನಿ."

"ಐತವಾರ ಸೂಟಿ ಏನ್ರಿ?"

"ಐತವಾರ ತಪ್ಪು ತಿದ್ದೂದು."

"ಅಬಬಾ! ನಮ್ಮ ಸಾಲಿ ಮಾಸ್ತರು ಇಷ್ಟ ಜೋರ ಇರಲಿಲ್ಲ."

"ಇನ್ನೂ ಒಂದೈತಿ." ಆಕೆ ನೆಲ ನೋಡಿದಳು. "ಆಡುವಾಗ ಬಾಗಲ ಕಡೆ ನೋಡೂದು ಬಿಡಬೇಕು."

ಮಡಿವಾಳ ನಕ್ಕುಬಿಟ್ಟ. "ಅದೊಂದ ಬಿಟ್ಟು ಏನ್ ಬೇಕಾದ್ದು ಹೇಳ್ರಿ. ಎರಡು ವರ್ಷ ನಾ ಯಾಕ ಸೋತೆ ಅಂತ ಮಾಡೀರಿ?"

ಶಿವಗಂಗಾ ಹಿಟ್ಟು ಮರೆತು ಮನೆಗೆ ಹೋದಳು. ಅರ್ಧ ದಾರಿಯಿಂದ ತಿರುಗಿ ಬರಬೇಕಾಯಿತು.

ತೂಕದ ತಕ್ಕಡಿಯ ಬಾಜು ಒಂದು ಹಳೆಯ ಮೇಜಿತ್ತು. ಅದರ ಮೇಲೆ ಸದಾ ಹಿಟ್ಟಿನ ಧೂಳು. ಅದರಲ್ಲಿ ಬೆರಳಾಡಿಸಿದರೆ ಮಣೆ ಸಿದ್ಧ. ಒಂದು ಕಡೆ ಬಿಳಿಜೋಳದ ಪ್ಯಾದೆ, ಇನ್ನೊಂದು ಕಡೆ ಗೋಧಿಯ ಪ್ಯಾದೆ. ಕಡಲೆ ವಜೀರ, ಶೇಂಗಾ ರಾಜ. ಯಾರಾದರೂ ಬಂದರೆ ಅಂಗೈಯಿಂದ ಒಮ್ಮೆ ಸವರಿದರಾಯಿತು, ಯುದ್ಧವೂ ಇಲ್ಲ, ಸೈನ್ಯವೂ ಇಲ್ಲ. ಒಂದು ದಿನ ಯೋಚನೆಯಲ್ಲಿ ಮುಳುಗಿದ ಮಡಿವಾಳ ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಂಡ.

"ಅಯ್ಯ, ರಾಜಾನ್ನ ತಿಂದ್ರಲ್ಲ!"

"ಹಸಿವಿ ಆಗಿತ್ತು. ಇದರ ಮ್ಯಾಲೆ ಯಾವ ಕಾನೂನೈತಿ?"

"ತಾನ ತನ್ನ ರಾಜಾನ್ನ ತಿಂದಾವ ಇನ್ನೂ ಹುಟ್ಟಿರಲಿಲ್ಲ!" ಆಕೆ ಬಾಯಿಗೆ ಸೆರಗು ಒತ್ತಿಕೊಂಡಳು. ನಗು ಕಣ್ಣಿನಿಂದ ಹೊರಬಂತು. ಮಡಿವಾಳ ಇನ್ನೊಂದು ಶೇಂಗಾ ಇಡುವುದನ್ನೂ ಮರೆತು ಆ ಕಣ್ಣನ್ನೇ ನೋಡಿದ.

ದಿನಾ ಗಿರಣಿಗೆ ಹೋಗಲು ದಿನಾ ಜೋಳ ಎಲ್ಲಿಂದ ತರುವುದು? ಶಿವಗಂಗಾ ವಾರದ ಜೋಳವನ್ನು ಆರು ಪಾಲು ಮಾಡಿದಳು. ಆಮೇಲೆ ಬಾಜು ಮನೆಯ ರಹೀಮಾಬಿಯ ಬುಟ್ಟಿಯನ್ನೂ ತಾನೇ ಹೊತ್ತಳು.

"ಯಾಕ ಬೇ ಗಂಗಾ," ರಹೀಮಾಬಿ ಕಣ್ಣು ಮಿಟುಕಿಸಿದಳು, "ನನ್ನ ಗೋದಿ ಮ್ಯಾಲೆ ಇಷ್ಟ ಪ್ರೀತಿ ಯಾವಾಗಿಂದ?"

"ನಿಮಗ ಮೊಣಕಾಲು ಬ್ಯಾನಿ ಅಲ್ಲೇನ್ರಿ ಚಿಕ್ಕವ್ವಾ?"

"ನನಗ ಬ್ಯಾನಿ ಸೊಂಟದ್ದು. ಇರಲಿ, ಒಯ್ಯಿ. ಸಣ್ಣಗ ಬೀಸಿಸು. ಅವಸರ ಮಾಡಬ್ಯಾಡ!"

ದೀಪಾವಳಿ ಹತ್ತಿರವಾಗುವ ಹೊತ್ತಿಗೆ ಮಡಿವಾಳ ಕಣ್ಣು ಮುಚ್ಚಿ ಕುದುರೆ ಜಿಗಿಸುತ್ತಿದ್ದ. ಒಂದು ಸೋಮವಾರ ಕುಬೇರಪ್ಪ ಒಂದೇ ಆಟದಲ್ಲಿ ಮೂರು ಸಲ ಎಲೆ ಅಡಿಕೆ ಕೇಳಿದ. ಮರುವಾರ ಸೋತ. ಸೋತು, ತೊಡೆ ತಟ್ಟಿ, ಬೀದಿಗೆಲ್ಲ ಕೇಳುವಂತೆ ಕೂಗಿದ. "ಎಲಾ ಇವನ! ಕಳ್ಳ ಸೂಳಿಮಗನ, ಎಲ್ಲಿ ಅಡಗಿಸಿ ಇಟ್ಟಿದ್ದಿ ಲೇ ಈ ಆಟಾನ? ಇನ್ನೊಂದು ಆಡು, ನಿನ್ನ ಹಲ್ಲು ಉದುರಸ್ತೇನಿ!" ಅಷ್ಟು ಸಂತೋಷ ಅವನ ಮುಖದಲ್ಲಿ ಸುಗ್ಗಿಯಲ್ಲೂ ಕಂಡಿರಲಿಲ್ಲ.

ಆ ಸಂಜೆ ರೊಟ್ಟಿ ಬಡಿಯುತ್ತ ತಾಯಿ ಗುರವ್ವ ಮೆಲ್ಲಗೆ ಮಾತು ತೆಗೆದಳು. ಆರು ಪಾಲಾದ ಜೋಳದ ಲೆಕ್ಕ ಆಕೆಗೆ ಎಂದೋ ತಿಳಿದಿತ್ತು. "ಅಲ್ರೀ, ಹುಡುಗ ಇಷ್ಟ ಮನಸಿಗೆ ಬಂದ್ರ ಗಂಗಾನ್ನ ಕೊಟ್ಟಬಿಡ್ರಲ್ಲ. ಮನಿತನಾನೂ ನಮ್ಮ ಪೈಕಿನ ಐತಿ."

ಒಳಗೆ ಶಿವಗಂಗಾ ಬಾಗಿಲಿಗೆ ಕಿವಿಯಿಟ್ಟಳು.

"ಹುಚ್ಚೇನ ನಿನಗ?" ಕುಬೇರಪ್ಪ ತುತ್ತು ಕೆಳಗಿಟ್ಟ. "ಅಳಿಯಾ ಆದ್ರ ಬೈಯಾಕ ಬರ್ತೈತೇನು? 'ಬರ್ರಿ, ಕುಂಡ್ರಿ, ನಿಮ್ಮ ನಡಿ' ಅನ್ನಬೇಕು. ಬೈಲಾರದ ಬುದ್ಧಿಬಲ ಅಂದ್ರ ಉಪ್ಪಿಲ್ಲದ ಝುಣಕಾ! ಊರಾಗ ಉಳಿದಾವ ಒಬ್ಬಾಂವ. ಅವನ್ನೂ ಅಳಿಯಾ ಮಾಡಿ ಕಳಕೊಳ್ಳಲೇನು? ಹಬ್ಬ ಆದ ಮ್ಯಾಲೆ ಸಂಶಿಯಿಂದ ವರಾ ನೋಡಾಕ ಬರ್ತಾನ. ಮಾತು ಮುಗೀತು."

ಮರುದಿನ ಗಿರಣಿಯಲ್ಲಿ ಶಿವಗಂಗಾ ಮಣೆ ಬರೆಯಲಿಲ್ಲ. "ನೀವು ಗೆದ್ದದ್ದ ತಪ್ಪಾತು ನೋಡ್ರಿ."

ಅಪ್ಪ ಅಂದದ್ದನ್ನೆಲ್ಲ ಆಕೆಯಿಂದ ಕೇಳಿ ಮಡಿವಾಳ ಕೈಯಲ್ಲಿದ್ದ ಶೇಂಗಾ ಕೆಳಗಿಟ್ಟ. "ಹಂಗಾರ ಮತ್ತ ಸೋಲ್ತೇನಿ."

"ಸೋತ್ರ ಕಟ್ಟಿ ಏರಗೊಡೂದಿಲ್ಲ. ಗೆದ್ರ ಮನಿ ಒಳಗ ಕರಿಯೂದಿಲ್ಲ."

"ಬೈಸ್ಕೊಳ್ಳಾಕ ಇನ್ನೊಬ್ಬರು ಬೇಕು. ಅಷ್ಟ ತಾನ?" ಅವನು ಆಕೆಯನ್ನೇ ನೋಡಿದ. ನೋಟ ತೆಗೆಯಲಿಲ್ಲ.

ಆಕೆಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. "ನಾನಾ? ಅಪ್ಪನ ಎದುರಿಗೆ, ಹಗಲಿನ್ಯಾಗ, ಕಟ್ಟಿ ಮ್ಯಾಲೆ? ಅಯ್ಯ, ನನ್ನ ಕೈಲೆ ಆಗೂದಿಲ್ಲ."

"ನನ್ನ ಕೈಲೆ ಆಗ್ತಿತ್ತೇನು?" ಮಡಿವಾಳ ಮೇಜಿನ ಮೇಲೆ ತಾನೇ ಗೆರೆ ಎಳೆದ. "ಇವತ್ತಿಂದ ಟೈಮ್‌ಟೇಬಲ್ ನಂದು. ಐತವಾರ ಸೂಟಿ ಇಲ್ಲ." ಆಮೇಲೆ ಗಿರಣಿಯ ಸದ್ದನ್ನು ಮೀರಿ ಕೂಗದೆ, ತುಟಿಯಷ್ಟೇ ಅಲುಗುವಂತೆ ಏನೋ ಹೇಳಿದ. ಶಿವಗಂಗಾಳಿಗೆ ಒಂದಕ್ಷರವೂ ಕೇಳಿಸಲಿಲ್ಲ. ಪೂರ್ತಿ ತಿಳಿಯಿತು. ಅವಳ ಬೆರಳು ಜೋಳದ ಪ್ಯಾದೆಯನ್ನು ಮುಂದೆ ಸರಿಸುವಾಗ ಅವನ ಬೆರಳಿಗೆ ತಾಗಿ, ತುಸು ಹೊತ್ತು ಅಲ್ಲೇ ಉಳಿಯಿತು.

ಸೋಮವಾರ ಬಂತು. ಮಡಿವಾಳ ಬರಲಿಲ್ಲ. ಕುಬೇರಪ್ಪ ಕಾಯಿ ಹೂಡಿ, ಬೀದಿ ನೋಡಿ, ಮೀಸೆ ತಿರುವಿ, ಕಡೆಗೆ ಎತ್ತುಗಳಿಗೇ ಬೈಯತೊಡಗಿದ.

ಎದುರಿಗೆ ಬಳೆ ಸದ್ದಾಯಿತು. ಶಿವಗಂಗಾ ಕಟ್ಟೆಯ ಮೇಲೆ ಕೂತಿದ್ದಳು. ಕಿವಿ ಕೆಂಪಾಗಿ, ಬೆವತು, ಪ್ಯಾದೆಯೊಂದನ್ನು ಮುಂದಿಟ್ಟಳು.

"ಏ, ಏನಿದು ನಿಂದು? ಒಳಗ ಹೋಗ."

"ನಿನ್ನ ನಡಿ, ಅಪ್ಪ."

ಕುಬೇರಪ್ಪ ನಗುತ್ತ ಒಂದು ಕಾಯಿ ಸರಿಸಿದ. ನಗುತ್ತಲೇ ಇನ್ನೊಂದು. ಆಮೇಲೆ ನಗು ನಿಂತಿತು. "ಗುರವ್ವಾ, ಎಲಿ ಅಡಿಕಿ!" ಎಂದು ಕೂಗಿದ. ಮತ್ತೆರಡು ನಡೆ ಆದ ಮೇಲೆ ಬೈಗುಳ ಶುರುವಾಯಿತು. "ಎಲಾ ಇವಳ! ಕಳ್ಳಿ, ಗುಳ್ಳೆನರಿ! ಅಪ್ಪನ ಆನಿಗೇ ಕೈ ಹಾಕ್ತೀ? ತಡಿ, ನಿನ್ನ ಜಡಿ ಹಿಡಿದು ಜಗ್ತೇನಿ!"

ಕಡೆಗೆ ಗೆದ್ದವನು ಅವನೇ. ಆದರೆ ಅಂಗಿ ಬೆನ್ನಿಗೆ ಅಂಟಿತ್ತು. "ಇನ್ನೊಂದು ಹೂಡು," ಎಂದ ಆತುರದಲ್ಲಿ.

"ದಿನಾ ಹೂಡ್ತೇನಿ ಅಪ್ಪ. ಎಷ್ಟ ಬೇಕಾದ್ರೂ ಬೈಯಿ." ಶಿವಗಂಗಾ ಮಾತು ಅಲ್ಲಿಗೇ ನಿಲ್ಲಿಸಲಿಲ್ಲ. "ಸಂಶಿಯಿಂದ ಆದ್ರ ದಿನಾ ಬರಾಕ ಆಗೂದಿಲ್ಲ. ಗಿರಣಿ ಮನಿ ಎರಡ ಓಣಿ ಆಚಿಗೆ ಐತಿ."

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು.

ಕುಬೇರಪ್ಪ ಮಣೆಯನ್ನೇ ದಿಟ್ಟಿಸಿದ. ಕುದುರೆ ನಿಂತ ಜಾಗ, ಆನೆಗೆ ಹಾಕಿದ ಹೊಂಚು. "ಇದು ಮಡಿವಾಳನ ಆಟ," ಎಂದ ನಿಧಾನವಾಗಿ. "ಅವನ ಆಟ ನನಗ ಗೊತ್ತೈತಿ."

"ಅಲ್ಲಪ್ಪ. ಅವರದು ನನ್ನ ಆಟ."

ತಂದೆ ತಲೆಯೆತ್ತಿ ಮಗಳನ್ನು ನೋಡಿದ. ಈ ಹುಡುಗಿ ಇಷ್ಟು ವರ್ಷ ಎಲ್ಲಿದ್ದಳು ಎಂಬಂತೆ ನೋಡಿದ. ಆಮೇಲೆ ಅವನ ಕಣ್ಣು ಬಾಜು ಮನೆಯ ರಹೀಮಾಬಿಯ ಗೋಡೆಯ ಮೇಲೆ ಕಾಣುತ್ತಿದ್ದ ಹಿಟ್ಟು ಹಿಡಿದ ತಲೆಗೂದಲಿನ ಮೇಲೆ ಬಿತ್ತು.

"ಏ ಮಡಿವಾಳಾ! ಬಾ ಲೇ ಇಲ್ಲಿ, ಕಳ್ಳ ಸೂಳಿ..."

ಅಲ್ಲಿಗೆ ತಡೆದ. ಕೆಮ್ಮಿದ. ಎಲೆ ಅಡಿಕೆ ನುಂಗಿದ. ಜೀವಮಾನದಲ್ಲಿ ಅಷ್ಟು ಕಷ್ಟದ ನಡೆ ನಡೆಸಿರಲಿಲ್ಲ.

"ಬರ್ರಿ," ಎಂದ. "ಮ್ಯಾಲೆ ಬರ್ರಿ. ಕುಂಡ್ರಿ."

ಮಡಿವಾಳ ಕಟ್ಟೆ ಏರಿ, ಗಾಬರಿಯಲ್ಲಿ ಎರಡೂ ಕೈ ಜೋಡಿಸಿ ಕೂತ. ಶಿವಗಂಗಾ ಎದ್ದು ಒಳಗೆ ಹೋಗಬೇಕಿತ್ತು. ಹೋಗಲಿಲ್ಲ.